ಜ್ವರ ಬಿಟ್ಟ ಮೇಲೂ ಮಗು ನೀರು ನೀರು ಅಂದರೆ: ವೈರಸ್ ಸೋಂಕು, ಮಕ್ಕಳ ಸಕ್ಕರೆ ಕಾಯಿಲೆ ಮತ್ತು ಮನೆಯವರು ಮಾಡಬೇಕಾದ್ದು

ಮಳೆಗಾಲ ಹಿಡಿದರೆ ಮೈಸೂರು, ಮಂಡ್ಯ ಕಡೆ ಮಕ್ಕಳ ಡಾಕ್ಟರ ಕ್ಲಿನಿಕ್ಕುಗಳಲ್ಲಿ ಕೂರಲು ಜಾಗ ಇರುವುದಿಲ್ಲ. ನೆಗಡಿ, ವೈರಲ್ ಜ್ವರ, ಡೆಂಗಿ, ವಾಂತಿ-ಭೇದಿ, ಕೈ-ಕಾಲು-ಬಾಯಿಯಲ್ಲಿ ಗುಳ್ಳೆ ಏಳುವ ಜ್ವರ. ಬಹುಪಾಲು ಮಕ್ಕಳು ವಾರದೊಳಗೆ ಚೇತರಿಸಿಕೊಂಡು ಶಾಲೆಗೆ ಹೊರಡುತ್ತಾರೆ. ಅಪರೂಪಕ್ಕೆ ಒಂದು ಮಗು ಮಾತ್ರ ಜ್ವರ ಬಿಟ್ಟ ಮೇಲೂ ಚೊಂಬುಗಟ್ಟಲೆ ನೀರು ಕುಡಿಯುತ್ತದೆ, ರಾತ್ರಿ ಮೂರು ನಾಲ್ಕು ಸಲ ಒಂದಕ್ಕೆ ಏಳುತ್ತದೆ, ಹೊಟ್ಟೆ ತುಂಬ ಉಂಡರೂ ಚಡ್ಡಿ ಸೊಂಟದಿಂದ ಜಾರುತ್ತದೆ. ಅದು ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದು ನಿಂತು ಬರುವ ಸಕ್ಕರೆ ಕಾಯಿಲೆ ಇರಬಹುದು. ಹಾಗಿದ್ದರೆ ನಾಳೆ ನೋಡೋಣ ಅನ್ನುವಷ್ಟು ಸಮಯ ಇರುವುದಿಲ್ಲ. ಯಾವ ವೈರಸ್ಸಿನಿಂದ ಬಂತು ಅನ್ನುವ ಪ್ರಶ್ನೆ ಆಮೇಲೆ. ಮೊದಲು ಬೆರಳಿನಿಂದ ಒಂದು ಹನಿ ರಕ್ತ.

ಅದೇ ದಿನ ಪರೀಕ್ಷೆ ಯಾಕೆ, ಎಲ್ಲಿ

ಮುಖ್ಯ ಲಕ್ಷಣ ನಾಲ್ಕು: ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು, ಆಟ ಬಿಟ್ಟು ಮಲಗುವಷ್ಟು ಸುಸ್ತು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾದ ಮಗು ಮತ್ತೆ ಶುರು ಮಾಡಿದರೆ ಬೈಯುವ ಮೊದಲು ಸಕ್ಕರೆ ನೋಡಿಸಿ. ಬಚ್ಚಲಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದು, ಮೂತ್ರ ಬಿದ್ದ ಜಾಗ ಒಣಗಿದ ಮೇಲೆ ಅಂಟಂಟಾಗುವುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಗುರುತು. ಅದನ್ನು ಹಗುರವಾಗಿ ಕಾಣಬೇಡಿ. ಮಾತು ಬಾರದ ಕೂಸಾದರೆ ಡೈಪರ್ ಬೇಗ ಬೇಗ ಭಾರವಾಗುತ್ತದೆ, ಎಷ್ಟು ಮುಲಾಮು ಹಚ್ಚಿದರೂ ಡೈಪರ್ ಜಾಗದ ಕೆಂಪು ವಾಸಿಯಾಗುವುದಿಲ್ಲ.

ಜ್ವರದ ಹೊತ್ತಿನಲ್ಲಿ ಇದು ಕಣ್ತಪ್ಪುವುದಕ್ಕೆ ಕಾರಣವಿದೆ. ಚೆನ್ನಾಗಿ ನೀರು ಕುಡಿಸಿ ಎಂದು ಡಾಕ್ಟರೇ ಹೇಳಿರುತ್ತಾರೆ. ಎಳನೀರು, ಜ್ಯೂಸು, ಗ್ಲೂಕೋಸ್ ಪುಡಿ ಎಲ್ಲ ನಡೆದಿರುತ್ತದೆ. ಇಷ್ಟೆಲ್ಲ ಕುಡಿದ ಮೇಲೆ ಮೂತ್ರ ಬರದೆ ಇನ್ನೇನು ಅನ್ನಿಸುತ್ತದೆ. ಆಮೇಲೆ ವಾಂತಿ, ಹೊಟ್ಟೆನೋವು ಶುರುವಾದರೆ ಫುಡ್ ಪಾಯ್ಸನ್ ಅನ್ನುತ್ತಾರೆ; ಉಸಿರು ಜೋರಾದರೆ ನ್ಯುಮೋನಿಯಾ ಅನ್ನುತ್ತಾರೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬರೀ ವಾಂತಿ-ಭೇದಿಯಿಂದ ಬತ್ತಿದ ಮಗುವಿಗೆ ಮೂತ್ರ ಕಡಿಮೆಯಾಗಬೇಕು. ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದಿದ್ದರೂ ಮೂತ್ರ ಧಾರಾಳವಾಗಿ ಹೋಗುತ್ತಿದೆ ಎಂದರೆ ಅದು ಸಕ್ಕರೆಯ ಕೆಲಸ. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೊರಬೀಳುವಾಗ ನೀರನ್ನೂ ಎಳೆದುಕೊಂಡೇ ಹೋಗುತ್ತದೆ. ಸಕ್ಕರೆಯನ್ನು ಬಳಸಿಕೊಳ್ಳಲು ಬೇಕಾದ ಇನ್ಸುಲಿನ್ ಇಲ್ಲದೆ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲ ಕೂಡಿಹಾಕಿದಾಗ ವಾಂತಿ, ಹೊಟ್ಟೆನೋವು, ಆಳವಾದ ಬಿರುಸಿನ ಉಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು. ಈ ಹಂತಕ್ಕೆ ಡಿಕೆಎ ಎನ್ನುತ್ತಾರೆ. ಜೀವಕ್ಕೆ ಅಪಾಯ ಇರುವುದು ಇಲ್ಲಿ.

ಸುಸ್ತಾದ ಮಗುವನ್ನು ಊರಿನ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋಗಿ "ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ ಸಾರ್" ಅನ್ನುವುದು ನಮ್ಮ ಕಡೆ ರೂಢಿ. ಗುರುತಾಗದ ಸಕ್ಕರೆ ಕಾಯಿಲೆಯ ಮಗುವಿಗೆ ಅದು ಉರಿಯುವ ಒಲೆಗೆ ಎಣ್ಣೆ. ಬದಲಿಗೆ "ಮೊದಲು ಜಿಆರ್‌ಬಿಎಸ್ ನೋಡ್ಬಿಡಿ ಸಾರ್" ಎಂದು ಕೇಳಿ. ಯಾವ ಹೊತ್ತಿನಲ್ಲಾದರೂ ಬೆರಳು ಚುಚ್ಚಿ ಮಾಡುವ ಸಕ್ಕರೆ ಪರೀಕ್ಷೆಗೆ ನರ್ಸುಗಳು ಹೇಳುವ ಹೆಸರೇ ಅದು; ಒಂದು ನಿಮಿಷವೂ ಹಿಡಿಯುವುದಿಲ್ಲ. ಹಳ್ಳಿಯಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಮೈಸೂರು ನಗರದಲ್ಲಾದರೆ ಸರ್ಕಾರದ 'ನಮ್ಮ ಕ್ಲಿನಿಕ್' ಕೇಂದ್ರಕ್ಕೂ ಹೋಗಬಹುದು. 30 ವರ್ಷ ದಾಟಿದವರ ಬಿಪಿ-ಶುಗರ್ ತಪಾಸಣೆಗೆಂದು ಗ್ಲುಕೋಮೀಟರ್ ಅಲ್ಲಿ ಇಟ್ಟಿರುತ್ತಾರೆ. ಮಕ್ಕಳಿಗೆ ಶುಗರ್ ಬರುತ್ತಾ ಎಂದು ಯಾರಾದರೂ ಹುಬ್ಬೇರಿಸಿದರೆ, ಬರುತ್ತದೆ, ಒಂದು ವರ್ಷದ ಕೂಸಿಗೂ ಬರುತ್ತದೆ ಎಂದು ಹೇಳಿ ಮಾಡಿಸಿಕೊಂಡೇ ಬನ್ನಿ.

ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವ ಮಾತಿಗೆ ಒಪ್ಪಬೇಡಿ. ಈ ಲಕ್ಷಣಗಳ ಜೊತೆಗೆ ಯಾವುದೇ ಹೊತ್ತಿನ ಸಕ್ಕರೆ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಮೇಲಿದ್ದರೆ ಸಕ್ಕರೆ ಕಾಯಿಲೆ ಎಂದೇ ಹಿಡಿದು ಅದೇ ದಿನ ಮಕ್ಕಳ ವಿಭಾಗ ಇರುವ ಆಸ್ಪತ್ರೆ ಸೇರಿ: ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್, ಅಥವಾ ಮಕ್ಕಳ ಐಸಿಯು ಇರುವ ಖಾಸಗಿ ಆಸ್ಪತ್ರೆ. ಎಚ್‌ಬಿಎ1ಸಿ ನಾರ್ಮಲ್ ಬಂತು ಎಂದು ಸಮಾಧಾನ ಪಡುವಂತಿಲ್ಲ. ಅದು ಕಳೆದ ಎರಡು ಮೂರು ತಿಂಗಳ ಸರಾಸರಿ. ಕೆಲವೇ ವಾರಗಳಲ್ಲಿ ಏರಿದ ಸಕ್ಕರೆ ಅದರಲ್ಲಿ ಕಾಣದೇ ಇರಬಹುದು. ಇನ್ನೊಂದು ಕಡೆ, ತೀವ್ರ ಜ್ವರ, ಫಿಟ್ಸ್, ಉಬ್ಬಸದ ಹೊತ್ತಿನಲ್ಲಿ ಯಾವ ಕಾಯಿಲೆ ಇಲ್ಲದ ಮಗುವಿಗೂ ಸಕ್ಕರೆ ಸ್ವಲ್ಪ ಏರುತ್ತದೆ. 140-200ರ ನಡುವೆ ಇದ್ದು, ಬಾಯಾರಿಕೆ, ಪದೇ ಪದೇ ಮೂತ್ರ, ಕೀಟೋನ್ ಏನೂ ಇಲ್ಲದಿದ್ದರೆ ಹೆದರಬೇಕಿಲ್ಲ. ಆದರೆ ಮರುದಿನ ಒಮ್ಮೆ, ಜ್ವರ ಪೂರ್ತಿ ಬಿಟ್ಟ ಮೇಲೆ ಮತ್ತೊಮ್ಮೆ ನೋಡಿಸಿ.

ಡಿಕೆಎ ಆಗಿ ಸೇರಿಸಿದ್ದರೆ ಒಂದು ವಿಚಾರಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಡ್ರಿಪ್ಪನ್ನೂ ಇನ್ಸುಲಿನ್ನನ್ನೂ ನಿಧಾನಕ್ಕೆ, 24ರಿಂದ 48 ಗಂಟೆ ಲೆಕ್ಕ ಹಾಕಿ ಕೊಡುತ್ತಾರೆ. ಆತುರದಲ್ಲಿ ಸರಿಪಡಿಸಹೋದರೆ ಮಕ್ಕಳ ಮಿದುಳಿಗೆ ಊತ ಬರುವ ಅಪಾಯವಿದೆ. ಬೇಗ ಇಳಿಸಿ ಎಂದು ಡಾಕ್ಟರನ್ನು ಒತ್ತಾಯಿಸಬೇಡಿ. ಮಗು ತಲೆನೋವು ಅಂದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ನರ್ಸನ್ನು ಕರೆಯಿರಿ.

ವೈರಸ್ಸಿಗೂ ಇದಕ್ಕೂ ಏನು ನಂಟು

ಟೈಪ್ 1ರಲ್ಲಿ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಮಗುವಿನ ಸ್ವಂತ ರೋಗನಿರೋಧಕ ವ್ಯವಸ್ಥೆಯೇ ಕೊಲ್ಲುತ್ತದೆ. ಈ ದಾಳಿ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿರುತ್ತದೆ. ಆ ಹೊತ್ತಿನಲ್ಲಿ ಮಗು ಚೆನ್ನಾಗಿಯೇ ಇರುತ್ತದೆ, ಸಕ್ಕರೆಯೂ ಸರಿಯಾಗಿರುತ್ತದೆ, ರಕ್ತದಲ್ಲಿ ಮಾತ್ರ ಜಿಎಡಿ65, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8, ಇನ್ಸುಲಿನ್ ಎಂಬ ಬೀಟಾ ಕೋಶದ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು (ಆಂಟಿಬಾಡಿ) ಕಾಣುತ್ತವೆ. ಆಮೇಲೆ ಒಂದು ಜ್ವರ ಬರುತ್ತದೆ. ಜ್ವರದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ, ಮೈಗೆ ಬೇಕಾದ ಇನ್ಸುಲಿನ್ ಹೆಚ್ಚುತ್ತದೆ, ಉಳಿದ ಕೋಶಗಳಿಗೆ ಅಷ್ಟು ಶಕ್ತಿ ಇರುವುದಿಲ್ಲ. ಹಾಗಾಗಿ ಹೋದ ವಾರದ ಜ್ವರದಿಂದಲೇ ಸಕ್ಕರೆ ಕಾಯಿಲೆ ಬಂತು ಅನ್ನುವುದು ಬಹುತೇಕ ತಪ್ಪು. ಆ ಜ್ವರ ಇದ್ದದ್ದನ್ನು ಹೊರಗೆ ಹಾಕಿತು, ಅಷ್ಟೆ. ಮಳೆಯಲ್ಲಿ ನೆನೆಸಿದೆವು, ಐಸ್‌ಕ್ರೀಮ್ ಕೊಡಿಸಿದೆವು, ಬೆಲ್ಲ ತಿನ್ನಲು ಬಿಟ್ಟೆವು ಎಂದು ಹೆತ್ತವರು ತಮ್ಮನ್ನೇ ಹಳಿದುಕೊಳ್ಳುವುದನ್ನು ನಿಲ್ಲಿಸಬೇಕು. ಇವು ಯಾವುವೂ ಟೈಪ್ 1ಕ್ಕೆ ಕಾರಣವಲ್ಲ.

ವರ್ಷಗಳ ಹಿಂದಿನ ಆ ಮೊದಲ ದಾಳಿಯನ್ನು ಕೆರಳಿಸಿದ್ದು ವೈರಸ್ಸೇ ಇರಬಹುದೇ? ಗಂಭೀರ ಸಂಶೋಧನೆ ಇರುವುದು ಇಲ್ಲಿ. ಮಂಗನಬಾವು ಬಂದ ನಂತರ ಸಕ್ಕರೆ ಕಾಯಿಲೆ ಕಂಡದ್ದನ್ನು ನಾರ್ವೆಯಲ್ಲಿ 1864ರಲ್ಲೇ ದಾಖಲಿಸಿದ್ದಾರೆ. ಗರ್ಭದಲ್ಲಿದ್ದಾಗ ರುಬೆಲ್ಲಾ ತಗುಲಿ ಹುಟ್ಟಿದ ಮಕ್ಕಳಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು. ಅತಿ ಹೆಚ್ಚು ಅನುಮಾನ ಇರುವುದು ಕರುಳಿನಲ್ಲಿ ಬೆಳೆಯುವ ಎಂಟರೋವೈರಸ್ಸುಗಳ ಬಿ ಗುಂಪಿನ ಮೇಲೆ, ಅದರಲ್ಲೂ ಕಾಕ್ಸಾಕಿ ಬಿ ಮೇಲೆ. 1969ರಲ್ಲಿ ಬ್ರಿಟನ್ನಿನ ಸಂಶೋಧಕರು ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ಕಾಕ್ಸಾಕಿ ಬಿ4ರ ಪ್ರತಿಕಾಯ ಹೆಚ್ಚಿರುವುದನ್ನು ಕಂಡರು. 1979ರಲ್ಲಿ ಡಿಕೆಎಯಿಂದ ತೀರಿಹೋದ 10 ವರ್ಷದ ಬಾಲಕನ ಮೇದೋಜ್ಜೀರಕ ಗ್ರಂಥಿಯಿಂದಲೇ ಆ ವೈರಸ್ಸನ್ನು ಬೇರ್ಪಡಿಸಿದರು. ಕಾಕ್ಸಾಕಿ ಬಿ ಒಳಹೊಗಲು ಬಾಗಿಲಂತೆ ಬಳಸುವ ಗ್ರಾಹಕ (ರಿಸೆಪ್ಟರ್) ಬೀಟಾ ಕೋಶಗಳಲ್ಲಿ ಹೇರಳವಾಗಿದೆ. ಅಮೆರಿಕ ಮತ್ತು ಯುರೋಪಿನಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸುತ್ತಿರುವ ಟೆಡ್ಡಿ ಅಧ್ಯಯನ 2019ರಲ್ಲಿ ಹೇಳಿದ್ದು ಇನ್ನೂ ಸೂಕ್ಷ್ಮ: ಬಂದು ಹೋಗುವ ಸೋಂಕಿಗಿಂತ, ಒಂದೇ ಎಂಟರೋವೈರಸ್ ಬಿ ಮಗುವಿನ ಮಲದಲ್ಲಿ ದೀರ್ಘಕಾಲ ಉಳಿದದ್ದಕ್ಕೂ ಪ್ರತಿಕಾಯ ಹುಟ್ಟಿದ್ದಕ್ಕೂ ನಂಟು ಕಂಡಿತು. ಇದೆಲ್ಲ ಬಲವಾದ ನಂಟು. ಇದೇ ಕಾರಣ ಎಂಬ ಕೊನೆಯ ತೀರ್ಪು ಅಲ್ಲ. ಅನುವಂಶಿಕ ಒಲವು ಇಲ್ಲದ ಮಗುವಿಗೆ ಇದೇ ವೈರಸ್ ಬಂದು ನೆಗಡಿಯಂತೆ ಹೋಗಿಬಿಡುತ್ತದೆ.

ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಹರಡುವ ಕೈ-ಕಾಲು-ಬಾಯಿ ಜ್ವರ ಸಾಮಾನ್ಯವಾಗಿ ಕಾಕ್ಸಾಕಿ ಎ16, ಎ6ರಿಂದ ಬರುವುದು. ಅವು ಎಂಟರೋವೈರಸ್ ಎ ಗುಂಪಿನವು. ಮಗುವಿಗೆ ಆ ಜ್ವರ ಬಂತೆಂದು ಸಕ್ಕರೆ ಕಾಯಿಲೆಯ ಭಯ ಬೇಡ. ಡೆಂಗಿ ಟೈಪ್ 1ಕ್ಕೆ ಕಾರಣ ಎಂಬುದಕ್ಕೂ ಆಧಾರವಿಲ್ಲ. ಕೋವಿಡ್ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಮಕ್ಕಳ ಟೈಪ್ 1 ಹೆಚ್ಚಿತು, ಡಿಕೆಎ ಆಗಿ ಬಂದವರೂ ಹೆಚ್ಚಿದರು. ಹೆದರಿ ಆಸ್ಪತ್ರೆಗೆ ತಡವಾಗಿ ಬಂದದ್ದೂ ಡಿಕೆಎ ಹೆಚ್ಚಲು ಕಾರಣ.

ಕಾಯಿಲೆ ಗೊತ್ತಾದ ಮೇಲೆ ಯಾವ ವೈರಸ್ ಎಂದು ಪತ್ತೆ ಮಾಡುವ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ. ಉತ್ತರ ಏನೇ ಬಂದರೂ ಚಿಕಿತ್ಸೆ ಇನ್ಸುಲಿನ್ನೇ. ಪ್ಲೆಕೊನರಿಲ್, ರಿಬವಿರಿನ್ ಎಂಬ ವೈರಸ್ ಔಷಧಿಗಳನ್ನು ಹೊಸ ರೋಗಿ ಮಕ್ಕಳಿಗೆ ಕೊಟ್ಟು ನೋಡಿದ ನಾರ್ವೆ-ಡೆನ್ಮಾರ್ಕ್ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಉಳಿದ ಇನ್ಸುಲಿನ್ ಉತ್ಪಾದನೆ ಸ್ವಲ್ಪ ಹೆಚ್ಚು ಕಾಲ ನಿಂತಿತು. ಆಸೆ ಹುಟ್ಟಿಸುವ ಸಂಗತಿ, ಆದರೆ ಕ್ಲಿನಿಕ್ಕಿನಲ್ಲಿ ಬರೆದುಕೊಡುವ ಮದ್ದಾಗಿಲ್ಲ.

ಬೆರಳು ಚುಚ್ಚುವಾಗ ಆಗುವ ತಪ್ಪುಗಳು

ಮಗುವಿನ ಕೈ ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ. ಮಾವಿನಹಣ್ಣು ತಿಂದ ಕೈ, ಬೆಲ್ಲ ಮುಟ್ಟಿದ ಕೈ, ಕಬ್ಬು ಸಿಗಿದ ಕೈಯಲ್ಲಿ ಚುಚ್ಚಿದರೆ ಮೀಟರು 300, 400 ಎಂದು ಸುಳ್ಳು ತೋರಿಸಬಹುದು. ಬೆರಳ ಮೇಲಿನ ಸಕ್ಕರೆಯೇ ಹನಿಗೆ ಸೇರಿರುತ್ತದೆ. ಸ್ಪಿರಿಟ್ ಹಚ್ಚಿ ಒರೆಸಿದರೆ ಸಾಕು ಅಂದುಕೊಳ್ಳಬೇಡಿ, ಅಂಟು ಸಕ್ಕರೆ ಅದಕ್ಕೆ ಸರಿಯಾಗಿ ಹೋಗುವುದಿಲ್ಲ; ಹಚ್ಚಿದರೂ ಆರಿದ ಮೇಲೆ ಚುಚ್ಚಿ. ಬೆರಳ ತುದಿಯ ನಡುವಿಗಲ್ಲ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಕೈ ತಣ್ಣಗಿದ್ದರೆ ಉಜ್ಜಿ, ಕೆಳಗೆ ಇಳಿಬಿಟ್ಟು ಆಮೇಲೆ ಚುಚ್ಚಿ. ಹಿಂಡಿ ಹಿಂಡಿ ರಕ್ತ ತೆಗೆದರೆ ಅಂಕಿ ತಪ್ಪುತ್ತದೆ. ಕೈ ತೊಳೆಯಲು ನೀರೇ ಇಲ್ಲದ ಕಡೆ ಮೊದಲ ಹನಿ ಒರೆಸಿ ಎರಡನೆಯದನ್ನು ಹಚ್ಚಿ.

ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ಪುಗಳು ಹಾಳಾಗುತ್ತವೆ. ಪರದೆ ಮೇಲೆ ಅಂಕಿಯ ಬದಲು 'ಹೈ' ಎಂದು ಬಂದರೆ ಮೀಟರು ಕೆಟ್ಟಿದೆ ಎಂದು ಬದಿಗಿಡಬೇಡಿ. ಬಹಳಷ್ಟು ಮೀಟರುಗಳಲ್ಲಿ ಅದರ ಅರ್ಥ ಸಕ್ಕರೆ 600 ದಾಟಿದೆ ಎಂದು. ಕೈ ತೊಳೆದು ಇನ್ನೊಮ್ಮೆ ನೋಡಿ, ಮತ್ತೆ ಹಾಗೇ ಬಂದರೆ 108ಕ್ಕೆ ಫೋನ್ ಮಾಡಿ.

ಈಗಾಗಲೇ ಇನ್ಸುಲಿನ್ ತಗೊಳ್ಳುವ ಮಗುವಿಗೆ ಜ್ವರ ಬಂದರೆ

ಇನ್ಸುಲಿನ್ ನಿಲ್ಲಿಸಬಾರದು. ಮಗು ಏನೂ ತಿಂದಿಲ್ಲ, ಹಾಗಾಗಿ ಸೂಜಿ ಬೇಡ ಅನ್ನುವ ತೀರ್ಮಾನವೇ ಎಷ್ಟೋ ಮಕ್ಕಳನ್ನು ಐಸಿಯು ತಲುಪಿಸುತ್ತದೆ. ದೀರ್ಘಾವಧಿ ಇನ್ಸುಲಿನ್ ಉಪವಾಸವಿದ್ದರೂ ಬೇಕು. ಅದು ಕೀಟೋನ್ ತಡೆಯುವುದಕ್ಕೆ. ವಾಂತಿ-ಭೇದಿಯಲ್ಲಿ ಸಕ್ಕರೆ ಇಳಿಯುತ್ತಿದ್ದರೆ ಡಾಕ್ಟರನ್ನು ಕೇಳಿ ಪ್ರಮಾಣ ಕಡಿಮೆ ಮಾಡಬಹುದು, ಪೂರ್ತಿ ಬಿಡುವಂತಿಲ್ಲ.

ಸಕ್ಕರೆಯನ್ನು 3-4 ಗಂಟೆಗೊಮ್ಮೆ ನೋಡಿ, ರಾತ್ರಿ ಅಲಾರಂ ಇಟ್ಟುಕೊಂಡಾದರೂ. ವಾಂತಿ ಇದ್ದರೆ 1-2 ಗಂಟೆಗೊಮ್ಮೆ. ಕೀಟೋನನ್ನೂ ನೋಡಬೇಕು. ರಕ್ತದ ಕೀಟೋನ್ ಮೀಟರ್ ಇದ್ದರೆ 0.6ರ ಕೆಳಗೆ ಸರಿ, 1.5 ದಾಟಿದರೆ ಡಾಕ್ಟರಿಗೆ ಫೋನ್, 3 ಮುಟ್ಟಿದರೆ ಆಸ್ಪತ್ರೆ. ಇಲ್ಲದಿದ್ದರೆ ಮೂತ್ರದ ಕೀಟೋನ್ ಸ್ಟ್ರಿಪ್ ಸಾಕು. ಅದ್ದಿ, ಡಬ್ಬಿ ಮೇಲೆ ಬರೆದಷ್ಟೇ ಸೆಕೆಂಡು ಕಾದು ಬಣ್ಣ ಹೋಲಿಸಿ. ತಡವಾಗಿ ನೋಡಿದರೆ ಬಣ್ಣ ಗಾಢವಾಗಿ ಕಾಣುತ್ತದೆ. ಡಬ್ಬಿ ತೆರೆದ ದಿನಾಂಕವನ್ನು ಪೆನ್ನಲ್ಲಿ ಬರೆದಿಡಿ.

ಸಕ್ಕರೆ, ಕೀಟೋನ್ ಎರಡೂ ಏರಿದ್ದರೆ ಮಾಮೂಲಿ ಸೂಜಿಗಳ ಮೇಲೆ ಹೆಚ್ಚುವರಿ ಡೋಸ್ ಬೇಕಾಗುತ್ತದೆ. ಕೀಟೋನ್ ಅಲ್ಪ ಇದ್ದಾಗ ದಿನದ ಒಟ್ಟು ಇನ್ಸುಲಿನ್ನಿನ ನೂರಕ್ಕೆ 5-10, ಹೆಚ್ಚಿದ್ದಾಗ 10-20 ಎನ್ನುವುದು ಸಾಮಾನ್ಯ ಲೆಕ್ಕ. ದಿನಕ್ಕೆ 20 ಯೂನಿಟ್ ತಗೊಳ್ಳುವ ಮಗುವಿಗೆ ಮೊದಲ ಹಂತದಲ್ಲಿ 1-2 ಯೂನಿಟ್. ನಿಮ್ಮ ಮಗುವಿನ ಅಂಕಿಯನ್ನು ಮಗು ಚೆನ್ನಾಗಿರುವಾಗಲೇ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಈ ಹೆಚ್ಚುವರಿ ಡೋಸು ಬೇಗ ಕೆಲಸ ಮಾಡುವ ಅಥವಾ ರೆಗ್ಯುಲರ್ ಇನ್ಸುಲಿನ್ನಿನದೇ ಆಗಿರಬೇಕು. ಬೇಗ ಮತ್ತು ನಿಧಾನ ಕೆಲಸ ಮಾಡುವ ಎರಡನ್ನೂ ಬೆರೆಸಿದ 30/70 ಮಿಕ್ಸ್ ಮಾತ್ರ ಬಳಸುವ ಮನೆಗಳಲ್ಲಿ ಇಲ್ಲೇ ತೊಡಕಾಗುವುದು. ಅಂಥವರು ಜ್ವರದ ದಿನಗಳಿಗೆಂದು ಒಂದು ರೆಗ್ಯುಲರ್ ಬಾಟ್ಲಿ ಬರೆಸಿಟ್ಟುಕೊಳ್ಳಬೇಕು.

ಕುಡಿಸುವುದು ಏನು ಅನ್ನುವುದನ್ನು ಅಂಕಿ ಹೇಳುತ್ತದೆ. 180ಕ್ಕಿಂತ ಮೇಲಿದ್ದರೆ ನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ಬೇಳೆಕಟ್ಟು, ತಿಳಿಸಾರು. 180ರ ಕೆಳಗಿದ್ದು ಮಗು ಉಣ್ಣುತ್ತಿಲ್ಲವಾದರೆ ಎಳನೀರು, ಸಕ್ಕರೆ ಹಾಕಿದ ನಿಂಬೆ ಪಾನಕ, ಗಂಜಿ. ಸಕ್ಕರೆ ಕಡಿಮೆ ಇದ್ದೂ ಕೀಟೋನ್ ಬಂದರೆ ಅದು ಹೊಟ್ಟೆಗಿಲ್ಲದ ಕೀಟೋನ್. ಮೊದಲು ಸಿಹಿ ಕುಡಿಸಿ, ಸಕ್ಕರೆ ಏರಿದ ಮೇಲೆ ಇನ್ಸುಲಿನ್. ಭೇದಿಗೆ ಓಆರ್‌ಎಸ್ ಕೊಡಲು ಹಿಂಜರಿಯಬೇಡಿ, ಅದರ ಗ್ಲೂಕೋಸ್ ಲೀಟರಿಗೆ 13.5 ಗ್ರಾಂ ಮಾತ್ರ. ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಿ. ಡಬ್ಬಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ವಾಂತಿಯಾಗುತ್ತಿದ್ದರೆ ಐದೈದು ನಿಮಿಷಕ್ಕೆ ಒಂದು ಟೀ ಚಮಚ ಸಾಕು, ಲೋಟ ಹಿಡಿದು ಕುಡಿಸಿದರೆ ಮತ್ತೆ ಕಕ್ಕುತ್ತದೆ.

ಸಕ್ಕರೆ 70ರ ಕೆಳಗೆ ಇಳಿದರೆ ಕಿಲೋ ತೂಕಕ್ಕೆ 0.3 ಗ್ರಾಂ ಗ್ಲೂಕೋಸ್: 15 ಕಿಲೋ ಮಗುವಿಗೆ ಸುಮಾರು ಒಂದು ಟೀ ಚಮಚ, 30 ಕಿಲೋಗೆ ಎರಡು, ಸ್ವಲ್ಪ ನೀರಲ್ಲಿ ಕದಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ; ಮಗ್ಗುಲಾಗಿ ಮಲಗಿಸಿ, ಸಕ್ಕರೆ ಏರಿಸುವ ಗ್ಲುಕಗಾನ್ ಸೂಜಿ ಇದ್ದರೆ ಹಾಕಿ (25 ಕಿಲೋ ಒಳಗೆ ಅರ್ಧ ಮಿಲಿಗ್ರಾಂ, ಮೇಲಾದರೆ 1), 108ಕ್ಕೆ ಕರೆ ಮಾಡಿ.

ಜ್ವರಕ್ಕೆ ಪ್ಯಾರಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ, 6 ಗಂಟೆಗೊಮ್ಮೆ. ಸಿರಪ್ಪು 5 ಮಿಲಿಗೆ 120 ಮತ್ತು 250 ಎಂದು ಎರಡು ಬಗೆಯಲ್ಲಿ ಬರುತ್ತದೆ, ಲೇಬಲ್ ಓದಿಯೇ ಅಳೆಯಿರಿ. ಅದರ ಸಿಹಿಗೆ ಹೆದರಿ ಔಷಧಿ ತಪ್ಪಿಸಬೇಡಿ. ಡೆಂಗಿಯ ಅನುಮಾನ ಇರುವಾಗ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಉಬ್ಬಸಕ್ಕೆ ಸ್ಟೀರಾಯ್ಡ್ ಬರೆದರೆ ಸಕ್ಕರೆ ಜಿಗಿಯುತ್ತದೆ. ಇನ್ಸುಲಿನ್ ಎಷ್ಟು ಏರಿಸಬೇಕು ಎಂದು ಅಲ್ಲೇ ಕೇಳಿಕೊಂಡು ಬನ್ನಿ.

ಎರಡು ಗಂಟೆ ದಾಟಿಯೂ ವಾಂತಿ ನಿಲ್ಲದಿದ್ದರೆ, ಎರಡು ಹೆಚ್ಚುವರಿ ಡೋಸಿನ ನಂತರವೂ ಕೀಟೋನ್ ಇಳಿಯದಿದ್ದರೆ, ಉಸಿರು ಆಳವಾಗಿ ಬಿರುಸಾದರೆ, ಮಂಪರು ಕವಿದರೆ ಹೊರಡಿ. ಐದು ವರ್ಷದೊಳಗಿನ ಮಗುವಾದರೆ ಇಷ್ಟಕ್ಕೂ ಕಾಯಬೇಡಿ. ಎಚ್.ಡಿ. ಕೋಟೆ, ನಾಗಮಂಗಲ, ಮಳವಳ್ಳಿಯ ಒಳಹಳ್ಳಿಯಿಂದ ದೊಡ್ಡಾಸ್ಪತ್ರೆ ಮುಟ್ಟಲು ಗಂಟೆಗೂ ಮೇಲೆ ಬೇಕು. ಕತ್ತಲಾಗುವ ಮೊದಲೇ ತೀರ್ಮಾನಿಸಿ.

ಜ್ವರಕ್ಕೇ ಸಕ್ಕರೆ ಏರಿದೆ ಎಂದುಕೊಂಡ ಎಷ್ಟೋ ಪ್ರಕರಣಗಳಲ್ಲಿ ತಪ್ಪು ಸಿರಿಂಜಿನದು. ನಮ್ಮಲ್ಲಿ ಬಾಟ್ಲಿ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಮಿಲಿಗೆ 100ರದಕ್ಕೆ ಕಿತ್ತಳೆ ಮುಚ್ಚಳ. 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಮಗುವಿಗೆ ಹೋಗುವುದು 4 ಯೂನಿಟ್. 100ರದನ್ನು ಕೆಂಪು ಸಿರಿಂಜಿನಲ್ಲಿ 10ಕ್ಕೆ ಎಳೆದರೆ 25 ಹೋಗುತ್ತದೆ, ಅದು ಪ್ರಾಣಾಪಾಯ. ಅಂಗಡಿಯವರು ಬದಲಿ ಕೊಟ್ಟಾಗಲೆಲ್ಲ ಮುಚ್ಚಳದ ಬಣ್ಣ ನೋಡಿ. ತೆರೆದ ಬಾಟ್ಲಿಗೆ 28 ದಿನ. ಫ್ರಿಜ್ ಇಲ್ಲದ ಮನೆಯಲ್ಲಿ ಬಾಟ್ಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯ ನಡುವೆ ನೆರಳಲ್ಲಿಡಿ.

ತಡೆಯಲು ಆಗುವುದೆಷ್ಟು

ಟೈಪ್ 1 ಬರದಂತೆ ತಡೆಯುವ ಲಸಿಕೆ ಇಲ್ಲ. ಯಾವ ಲಸಿಕೆಯಿಂದಲೂ ಅದು ಬರುವುದೂ ಇಲ್ಲ. ಸರ್ಕಾರಿ ಪಟ್ಟಿಯ ದಡಾರ-ರುಬೆಲ್ಲಾ ಲಸಿಕೆಯನ್ನು 9 ತಿಂಗಳು ತುಂಬಿದಾಗ ಮತ್ತು 16-24 ತಿಂಗಳಲ್ಲಿ, ರೋಟಾ ಹನಿಯನ್ನು 6, 10, 14 ವಾರಕ್ಕೆ ತಪ್ಪದೆ ಹಾಕಿಸಿ. ಆಸ್ಟ್ರೇಲಿಯಾದಲ್ಲಿ ರೋಟಾ ಲಸಿಕೆ ಬಂದ ಮೇಲೆ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಟೈಪ್ 1 ಸ್ವಲ್ಪ ಇಳಿಯಿತು, ಫಿನ್ಲೆಂಡಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಭೇದಿ ತಡೆಯುವುದಕ್ಕಾದರೂ ಅದು ಬೇಕೇ ಬೇಕು. ಈಗಾಗಲೇ ಕಾಯಿಲೆ ಇರುವ ಮಗುವಿಗೆ ವರ್ಷಕ್ಕೊಂದು ಫ್ಲೂ ಲಸಿಕೆ ಹಾಕಿಸುವುದು ಒಳ್ಳೆಯದು. ಎಂಟರೋವೈರಸ್ಸು ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲ, ಮಲದಲ್ಲಿ ವಾರಗಟ್ಟಲೆ ಹೋಗುತ್ತಿರುತ್ತದೆ. ಕೂಸಿನ ಕುಂಡೆ ತೊಳೆದ ಮೇಲೆ, ಅಡುಗೆಗೆ ಮೊದಲು ಸೋಪಿನಲ್ಲಿ 20 ಸೆಕೆಂಡು ಕೈ ಉಜ್ಜಬೇಕು.

ಒಂದು ಮಗುವಿಗೆ ಟೈಪ್ 1 ಇದ್ದರೆ ಒಡಹುಟ್ಟಿದವರಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು 5. ಪ್ರತಿಕಾಯ ಪರೀಕ್ಷೆ ಮಾಡಿಸಬಹುದು. ಎರಡು ಅಥವಾ ಹೆಚ್ಚು ಬಗೆಯವು ಇದ್ದರೆ ಹತ್ತು ವರ್ಷದಲ್ಲಿ ನೂರಕ್ಕೆ 70 ಮಕ್ಕಳಿಗೆ ಕಾಯಿಲೆ ಹೊರಬೀಳುತ್ತದೆ. ಅಂಥ ಮನೆಯಲ್ಲಿ ಮೀಟರು ಹೇಗೂ ಇರುತ್ತದೆ. ತಮ್ಮನಿಗೋ ತಂಗಿಗೋ ಜ್ವರ ಬಂದು ಬಾಯಾರಿಕೆ ಹೆಚ್ಚಿತೆಂದರೆ, ಹೊಸ ಸೂಜಿ ಹಾಕಿ, ಅವರ ಬೆರಳಿಂದಲೂ ಒಂದು ಹನಿ ನೋಡಿ.